ಡೈರಿಗೆ ಬೀಗ ಹಾಕಿ ಡೈರಿ ಕೇಳಿದವರಿಗೆ

ಮಾನ್ಯ ವಿಚಾರಣಾಧಿಕಾರಿಗಳೇ,

ತಾವು ಒಂದು ಪುಸ್ತಕವನ್ನು ಸೀಲ್ ಮಾಡಲು ಹೇಳಿದಿರಿ. ನಮ್ಮೂರಲ್ಲಿ ಒಂದು ಕಟ್ಟಡ ಸೀಲ್ ಆಗಿದೆ. ಪುಸ್ತಕ ಆ ಕಟ್ಟಡದ ಒಳಗೇ ಇದೆ. ಈಗ ತಾವು ಅದೇ ಪುಸ್ತಕವನ್ನು ಈ ತಿಂಗಳ ಇಪ್ಪತ್ತೇಳರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಮಂಡ್ಯದ ತಮ್ಮ ಕಚೇರಿಗೆ ತಂದು ಹಾಜರುಪಡಿಸಬೇಕೆಂದೂ, ತಪ್ಪಿದಲ್ಲಿ ನಮ್ಮ ಮಹಿಳಾ ಹಾಲು ಸಂಘದ ಕಾರ್ಯದರ್ಶಿ ಸುನಿತಾ ಅವರನ್ನು ಕೆಲಸದಿಂದ ತೆಗೆಯಲಾಗುವುದೆಂದೂ ನೋಟೀಸು ಕಳಿಸಿದ್ದೀರಿ. ಬಾಗಿಲಿನ ಬೀಗ ಸಂಘದ್ದು. ಬೀಗದ ಮೇಲಿನ ಅರಗು ತಮ್ಮದು, ಅರಗಿನ ಮೇಲಿನ ಮೊಹರು ತಮ್ಮದು, ಬೀಗದ ಕೈ ಇರುವುದು ತಮ್ಮ ಬೀರುವಿನಲ್ಲಿ. ಸೀಲು ಒಡೆದರೆ ಮೊಕದ್ದಮೆ ಹೂಡಲಾಗುವುದು ಎಂದು ಬಾಗಿಲಿಗೆ ಅಂಟಿಸಿದ ಚೀಟಿ ಹೇಳುತ್ತದೆ. ಒಡೆದು ಪುಸ್ತಕ ತರದಿದ್ದರೆ ಕೆಲಸ ಹೋಗುತ್ತದೆ ಎಂದು ನೋಟೀಸು ಹೇಳುತ್ತದೆ. ಎರಡರ ಕೆಳಗೂ ಒಂದೇ ಕಚೇರಿಯ ಹೆಸರಿದೆ. ಇವೆರಡರಲ್ಲಿ ಯಾವುದಕ್ಕೆ ವಿಧೇಯರಾಗಿರಬೇಕು ಎಂಬುದನ್ನು ತಿಳಿಸಿದರೆ ನಾವು ಅದಕ್ಕೆ ವಿಧೇಯರಾಗಿರಲು ಸಿದ್ಧರಿದ್ದೇವೆ.

ನಾನು ಮೂವತ್ತೆರಡು ವರ್ಷ ಮಳವಳ್ಳಿ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಪ್ರತಿ ವರ್ಷ ಶ್ರಾವಣದ ಹೊತ್ತಿಗೆ ಒಂದು ಪಾಠ ಬರುತ್ತಿತ್ತು: ಕಿವಿಗೆ ಒಂದೇ ಥರ ಅಥವಾ ಹತ್ತಿರಹತ್ತಿರ ಕೇಳಿಸುವ, ಅರ್ಥದಲ್ಲಿ ಬೇರೆಬೇರೆಯಾದ ಪದಗಳು. ಪರೀಕ್ಷೆಯಲ್ಲಿ ಅದಕ್ಕೆ ಎರಡೇ ಅಂಕ. ಎರಡು ಅಂಕಕ್ಕೆ ಇಷ್ಟೊಂದು ಒದ್ದಾಡಬೇಕೇ ಎಂದು ಮಕ್ಕಳು ಕೇಳುತ್ತಿದ್ದರು. ಡಿ, ಐ, ಎ, ಆರ್, ವೈ ಎಂದು ಬರೆದರೆ ದಿನಚರಿಯ ಪುಸ್ತಕ. ಡಿ, ಎ, ಐ, ಆರ್, ವೈ ಎಂದು ಬರೆದರೆ ಹಾಲು ಹಾಕುವ ಜಾಗ. ಮಕ್ಕಳು ಮರೆಯಬಾರದೆಂದು ನಾನೊಂದು ಉಪಾಯ ಮಾಡಿದ್ದೆ. ಐ ಅಂದರೆ ನಾನು. ಐ ಮೊದಲು ಬಂದರೆ ಅದು ನಾನು ಬರೆಯುವುದು. ಎ ಅಂದರೆ ಎಮ್ಮೆ. ಎ ಮೊದಲು ಬಂದರೆ ಅದು ಎಮ್ಮೆಗೆ ಸಂಬಂಧಪಟ್ಟದ್ದು. ಇಷ್ಟನ್ನು ಕಲಿತು ಹೋದವರಲ್ಲಿ ವಕೀಲರಿದ್ದಾರೆ, ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವರಿದ್ದಾರೆ, ನನಗೆ ಗೊತ್ತಿಲ್ಲದೆ ತಮ್ಮ ಕಚೇರಿಯಲ್ಲೂ ಒಬ್ಬಿಬ್ಬರು ಇರಬಹುದು. ಸುನಿತಾ ಕೂಡ ಆ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂತಿದ್ದವರು.

ಇಂಗ್ಲಿಷಿನಲ್ಲಿ ತಪ್ಪು ಮಾಡುವುದು ಅಪರಾಧ ಎಂದು ನಾನು ಯಾವತ್ತೂ ಹೇಳಿದವನಲ್ಲ. ಅದು ನಮ್ಮ ಅತ್ತೆಯ ಮನೆಯ ಭಾಷೆಯೂ ಅಲ್ಲ, ತಮ್ಮದೂ ಅಲ್ಲ. ಮದ್ದೂರಿನ ಹತ್ತಿರ ಹೆದ್ದಾರಿಯ ಪಕ್ಕ ಒಂದು ಹೋಟೆಲಿನ ಬೋರ್ಡಿನಲ್ಲಿ ಬೆಳಗಿನ ತಿಂಡಿ ಸಿಗುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೋಗಿ, ಬಸ್ಸಿನ ಬ್ರೇಕಿನ ಸ್ಪೆಲ್ಲಿಂಗ್ ಹಾಕಿ, ಬೇಗ ಬ್ರೇಕ್ ಹಾಕಿ ಎಂಬ ಅರ್ಥ ಬರುವಂತೆ ಬರೆದಿದ್ದಾರೆ. ಓದಿದ ಡ್ರೈವರು ಅದನ್ನು ಹೇಗೆ ಅರ್ಥ ಮಾಡಿಕೊಂಡರೂ ಬಸ್ಸು ನಿಲ್ಲುತ್ತದೆ, ಒಳಗೆ ವಡೆ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ. ತಾಲ್ಲೂಕು ಕೇಂದ್ರದ ಅರ್ಜಿ ಬರೆಯುವವರೊಬ್ಬರು ವಾರಸುದಾರರ ಪ್ರಮಾಣಪತ್ರ ಕೇಳುವ ಅರ್ಜಿಯಲ್ಲಿ ವಾರಸುದಾರನ ಜಾಗಕ್ಕೆ ತಲೆಕೂದಲಿನ ಸ್ಪೆಲ್ಲಿಂಗ್ ಹಾಕುತ್ತಾರೆ. ಆದರೆ ಅರ್ಜಿ ಹಾಕಲು ಬಂದ ಅಜ್ಜಿ ಮಾತ್ರ 'ಏರ್' ಎಂದು ಸರಿಯಾಗಿಯೇ ಹೇಳುತ್ತಾಳೆ. ಆ ಪದದಲ್ಲಿ ಹೆಚ್ ಅಕ್ಷರವನ್ನು ಇಂಗ್ಲಿಷಿನವರು ಬರೆದರೂ ಉಚ್ಚರಿಸುವುದಿಲ್ಲ. ನಮ್ಮ ಸೀಮೆಯವರು ಹೇಗೂ ಯಾವ ಹಕಾರವನ್ನೂ ಉಚ್ಚರಿಸುವುದಿಲ್ಲ. ಒಂದೇ ಒಂದು ಪದದಲ್ಲಾದರೂ ನಮ್ಮ ಅಳ್ಳಿಯ ಬಾಯಿ ಲಂಡನ್ನಿನ ಬಾಯಿಗೆ ಸಮವಾಗಿದೆ ಎಂಬುದು ಮೂವತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಸಮಾಧಾನಗಳಲ್ಲೊಂದು.

ಡೈರಿಯ ವಿಷಯ ಹಾಗಲ್ಲ. ನಮ್ಮೂರಿನಲ್ಲಿ ಎರಡಕ್ಕೂ ಒಂದೇ ಹೆಸರು. 'ಡೈರಿಗೋಗವ್ಳೆ' ಅಂದರೆ ಹಾಲು ಹಾಕಲು ಹೋಗಿದ್ದಾಳೆ. 'ಡೈರಿ ಬರೀತಾವ್ಳೆ' ಅಂದರೆ ಪುಸ್ತಕದಲ್ಲಿ ಬರೆಯುತ್ತಿದ್ದಾಳೆ. ಹೊಸ ವರ್ಷಕ್ಕೆ ಡೈರಿಯವರು ಡೈರಿ ಕೊಟ್ಟರು ಅಂದರೆ ಚಿಕ್ಕ ಮಕ್ಕಳಿಗೂ ಗೊಂದಲವಾಗುವುದಿಲ್ಲ. ಪುಸ್ತಕವನ್ನು ಡಯರಿ ಎಂದೂ ಹಾಲಿನದನ್ನು ಡೇರಿ ಎಂದೂ ಬರೆಯಬೇಕು ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಹಾಲು ಕರೆಯುವುದಿಲ್ಲ. ಕರೆಯುವವರಿಗೆ ಮಾತಿನಲ್ಲಿ ಯಾವತ್ತೂ ತೊಡಕಾಗಿಲ್ಲ, ಏಕೆಂದರೆ ಪುಸ್ತಕದೊಳಕ್ಕೆ ಯಾರೂ ಹಾಲು ಸುರಿಯುವುದಿಲ್ಲ, ಕಟ್ಟಡವನ್ನು ಯಾರೂ ಕಂಕುಳಲ್ಲಿ ಇಟ್ಟುಕೊಂಡು ಹೋಗುವುದಿಲ್ಲ. ಆದರೆ ಸೀಲ್ ಮಾಡುವುದು ಎಂಬ ಕ್ರಿಯೆ ಮಾತ್ರ ಎರಡಕ್ಕೂ ಒಪ್ಪುತ್ತದೆ. ಇಡೀ ಇಂಗ್ಲಿಷ್ ಭಾಷೆಯಲ್ಲಿ ಅಂಥದ್ದೊಂದು ಕ್ರಿಯಾಪದವನ್ನು ಹುಡುಕಿ ತೆಗೆದದ್ದಕ್ಕಾಗಿ ತಮ್ಮ ಕಚೇರಿಯನ್ನು ಅಭಿನಂದಿಸಬೇಕು.

ಇನ್ನು ನಡೆದದ್ದನ್ನು ಹೇಳುತ್ತೇನೆ. ತಮ್ಮ ಕಡತದಲ್ಲಿ ಇದೆಲ್ಲ ಇರಬಹುದು, ಆದರೆ ಕಡತವನ್ನು ಯಾರೂ ಓದಿಲ್ಲ ಎಂಬುದಕ್ಕೆ ನನ್ನಲ್ಲಿ ಸಾಕ್ಷ್ಯವಿದೆ.

ಸುನಿತಾ ನಾಲ್ಕು ವರ್ಷದಿಂದ ಸಂಘದ ಕಾರ್ಯದರ್ಶಿ. ಮಂಡ್ಯದ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವರು. ಕಾಲೋನಿಯ ಕೆಂಪಸಿದ್ದಯ್ಯನವರ ಮಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಬೀದಿಯ ಕೆಲವರು ಅವರು ಹಿಡಿದ ಅಳತೆಯ ಪಾತ್ರೆಗೆ ತಮ್ಮ ಚೊಂಬು ತಾಗಬಾರದೆಂದು ಒಂದು ಮೊಳ ಮೇಲಿನಿಂದ ಹಾಲು ಸುರಿಯುತ್ತಿದ್ದರು. ನೊರೆ ಬರುತ್ತಿತ್ತು. ನೊರೆ ಇಳಿಯುವವರೆಗೆ ಕಾಯಬೇಕು, ಆಮೇಲೆಯೇ ಅಳತೆ ಎಂದು ಸುನಿತಾ ಒಂದು ನಿಯಮ ಮಾಡಿದರು. ಬೆಳಗಿನ ಆರು ಗಂಟೆಯಲ್ಲಿ ಕಾಯಲು ಯಾರಿಗೂ ಪುರುಸೊತ್ತಿಲ್ಲ. ಹದಿನೈದು ದಿನದಲ್ಲಿ ಎಲ್ಲರ ಚೊಂಬೂ ಕೆಳಗಿಳಿಯಿತು. ಒಂದು ಮಾತೂ ಆಡದೆ ಇದನ್ನು ಮಾಡಿ ಮುಗಿಸಿದ ಹೆಂಗಸು ಆಕೆ. ಇದನ್ನೇಕೆ ಹೇಳಿದೆ ಎಂದರೆ, ಆ ಕೆಲಸ ಅವರಿಗೆ ಬರೀ ಸಂಬಳವಲ್ಲ ಎಂಬುದು ತಮಗೆ ತಿಳಿದಿರಲಿ.

ನಾಲ್ಕು ತಿಂಗಳ ಹಿಂದೆ ಹಾಲು ಪರೀಕ್ಷಿಸುವ ಯಂತ್ರ ಕೆಟ್ಟಿತು. ರಿಪೇರಿಗೆ ಬರೆದ ಮೂರು ಪತ್ರಗಳು ತಮ್ಮಲ್ಲಿ ಸುರಕ್ಷಿತವಾಗಿವೆ. ರಿಪೇರಿಯಾಗುವವರೆಗೆ ಹಳೆಯ ಲ್ಯಾಕ್ಟೋಮೀಟರು ಗತಿಯಾಯಿತು. ಅದರಲ್ಲಿ ಬಂದ ಡಿಗ್ರಿಯನ್ನು ಸುನಿತಾ ಒಂದು ಡೈರಿಯಲ್ಲಿ ಬರೆಯುತ್ತಿದ್ದರು. ಹಿಂಡಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ, ರಟ್ಟಿನ ಮೇಲೆ ಹಸುವಿನ ಚಿತ್ರವಿರುವ ಡೈರಿ. ಹಾಲು ವಾಪಸು ಕಳಿಸಿದರೆ ಮಾತ್ರ, ವಾಪಸು ಪಡೆದವರ ಸಹಿಯನ್ನೂ ಅದರಲ್ಲೇ ಹಾಕಿಸುತ್ತಿದ್ದರು. ಚೌಡಯ್ಯನವರ ಮನೆಯ ಹಾಲು ಒಂದೇ ವಾರದಲ್ಲಿ ಎರಡು ಸಲ ವಾಪಸು ಹೋಯಿತು. ಎರಡು ಸಲವೂ ಹಾಲು ತಂದಿದ್ದ ಅವರ ಹೆಂಡತಿಯೇ ಸಹಿ ಹಾಕಿದರು. ಎರಡನೇ ಸಲ ಸಹಿ ಹಾಕುವಾಗ ಆಕೆ ನಕ್ಕುಬಿಟ್ಟರು, ನೀರು ಬೆರೆಸುವ ಕೆಲಸ ತಮ್ಮದಲ್ಲ ಎಂದು ಮಾತ್ರ ಹೇಳಿದರು ಎಂದು ಅಲ್ಲಿದ್ದವರು ಹೇಳುತ್ತಾರೆ. ಚೌಡಯ್ಯನವರು ಗ್ರಾಮದಲ್ಲಿ ತೂಕವಿರುವವರು. ಹಾಲಿಗೆ ಇಲ್ಲದ ತೂಕ ಅವರಿಗಿದೆ. ಕಾರ್ಯದರ್ಶಿ ದ್ವೇಷದಿಂದ ಹಾಲು ವಾಪಸು ಕಳಿಸಿದ್ದಾಳೆ, ಯಾವುದನ್ನೂ ಎಲ್ಲೂ ಬರೆದಿಲ್ಲ, ಈಗ ಕೂತು ಹೊಸದಾಗಿ ಬರೆಯುತ್ತಿದ್ದಾಳೆ ಎಂದು ತಮಗೆ ದೂರು ಕೊಟ್ಟರು.

ಇಲ್ಲಿಯವರೆಗೆ ತಮ್ಮ ನಡೆಯಲ್ಲಿ ತಪ್ಪಿಲ್ಲ ಎಂಬುದನ್ನು ಒಪ್ಪಬೇಕು. ಯಾರೂ ತಿದ್ದದಂತೆ ಆ ಪುಸ್ತಕವನ್ನು ಸೀಲ್ ಮಾಡಿ ತರಿಸಿಕೊಂಡರೆ ಸತ್ಯ ತಿಳಿಯುತ್ತದೆ ಎಂದು ತಾವು ಯೋಚಿಸಿದಿರಿ. ಒಳ್ಳೆಯ ಯೋಚನೆ. ಅದನ್ನು ಕನ್ನಡದಲ್ಲಿ ಬರೆದಿದ್ದರೆ 'ದಿನವಹಿ ಪುಸ್ತಕ' ಎಂದೋ 'ಪರೀಕ್ಷಾ ಪುಸ್ತಕ' ಎಂದೋ ಬರೆಯಬೇಕಾಗುತ್ತಿತ್ತು, ಪುಸ್ತಕ ಎಂದ ಮೇಲೆ ಯಾವ ಮನುಷ್ಯನೂ ಗೋಡೆಯ ಕಡೆ ನೋಡುತ್ತಿರಲಿಲ್ಲ. ಕರ್ನಾಟಕದ ಒಂದು ಕಚೇರಿಯಿಂದ, ಕರ್ನಾಟಕದ ಒಂದು ಹಳ್ಳಿಗೆ, ಕನ್ನಡ ಮಾತ್ರ ಬಲ್ಲ ಅರವತ್ತಮೂರು ಹೆಂಗಸರ ಸಂಘಕ್ಕೆ ಇಂಗ್ಲಿಷಿನಲ್ಲಿ ಆದೇಶ ಬರೆಯುವ ಅಗತ್ಯವೇನಿತ್ತು? ಹಸುಗಳು ಜರ್ಸಿ ತಳಿಯವು ಎಂಬುದೇ ಕಾರಣವಾಗಿದ್ದರೆ, ಅವು ಇಲ್ಲೇ ಹುಟ್ಟಿದವು ಎಂದು ತಿಳಿಸಬಯಸುತ್ತೇನೆ.

ಇಂದಿಗೆ ಹತ್ತೊಂಬತ್ತು ದಿನದ ಹಿಂದೆ, ಬೆಳಿಗ್ಗೆ ಆರೂವರೆಗೆ ತಮ್ಮ ಮೇಲ್ವಿಚಾರಕರು ಅರಗು, ಬಟ್ಟೆ, ಮೊಹರು ಹಿಡಿದು ಬಂದರು. ಡೈರಿ ಸೀಲ್ ಮಾಡಿಕೊಂಡು ಬಾ ಎಂದು ಅವರಿಗೆ ಫೋನಿನಲ್ಲಿ ಹೇಳಲಾಗಿತ್ತಂತೆ. ಆದೇಶದ ಕಾಗದವೂ ಕೈಯಲ್ಲಿತ್ತು. ಹಾಲು ಹಾಕುವವರು ಸಾಲಿನಲ್ಲಿ ನಿಂತಿದ್ದರು. ಎರಡು ಕ್ಯಾನು ತುಂಬಿ, ಮೂರನೆಯದು ಅರ್ಧವಾಗಿತ್ತು. ಕಟ್ಟಡಕ್ಕೆ ಬೀಗ ಹಾಕಬೇಕು ಎಂದಾಗ ಸಂಘದ ಅಧ್ಯಕ್ಷೆ ಹೊಂಬಾಳಮ್ಮ ಬಾಗಿಲಿಗೆ ಅಡ್ಡ ನಿಂತು, "ಬಾಗ್ಲಾಕೋಕೆ ಇದೇನ್ ಕಳ್ರು ಮನೆಯೇನಪ್ಪ, ಕಾಗ್ದದಲ್ಲಿ ಏನ್ ಬರ್ದವ್ರೆ ಅದುನ್ನ ಓದಿ ಯೇಳು" ಎಂದರು. ಮೇಲ್ವಿಚಾರಕರಿಗೂ ಒಳಗೊಳಗೆ ಅನುಮಾನವಿತ್ತು. ನಾಳೆ ತಮ್ಮ ತಲೆಯ ಮೇಲೆ ಬರಬಾರದೆಂದು ಊರಲ್ಲಿ ಇಂಗ್ಲಿಷ್ ಬಲ್ಲವರನ್ನು ಕರೆಸಿ ಎಂದರು. ಸುನಿತಾ ಬಲ್ಲವರೇ. ಆದರೆ ಆದೇಶ ಅವರ ಮೇಲಿನ ದೂರಿಗೆ ಸಂಬಂಧಿಸಿದ್ದು, ಆಪಾದಿತರ ಕೈಗೆ ಕಾಗದ ಕೊಡುವಂತಿಲ್ಲ ಎಂದರು. ಊರಲ್ಲಿ ಇಂಗ್ಲಿಷ್ ಬಲ್ಲ ಇನ್ನೊಬ್ಬರನ್ನು ಕರೆಸಲಾಯಿತು. ಕಾಗದ ಓದಲಾಯಿತು. ಬೀಗ ಬಿತ್ತು. ಒಳಗಿನ ಮೇಜಿನ ಡ್ರಾಯರಿನಲ್ಲಿರುವ ಡೈರಿಯನ್ನಾದರೂ ತೆಗೆದುಕೊಳ್ಳುತ್ತೇನೆ ಎಂದು ಸುನಿತಾ ಕೇಳಿದ್ದಕ್ಕೆ, ಸೀಲ್ ಅಂದ ಮೇಲೆ ಒಂದು ಕಡ್ಡಿಯೂ ಈಚೆ ಬರುವಂತಿಲ್ಲ ಎಂದು ಮೇಲ್ವಿಚಾರಕರು ಹೇಳಿದರು. ಯಾವ ವಸ್ತುವನ್ನು ತರಲೆಂದು ಬಂದಿದ್ದರೋ ಅದನ್ನೇ ಒಳಗೆ ಬಿಟ್ಟು, ಬಾಗಿಲಿಗೆ ಅರಗು ಹಾಕಿ, ಒಂದು ಫೋಟೋ ತೆಗೆದುಕೊಂಡು ಮಳವಳ್ಳಿಯ ಕಡೆ ಹೊರಟುಹೋದರು.

ಹಸುಗಳಿಗೆ ಯಾವ ಆದೇಶವೂ ತಲುಪಿಲ್ಲವಾದ್ದರಿಂದ ಅವು ಹಾಲು ಕೊಡುವುದನ್ನು ನಿಲ್ಲಿಸಿಲ್ಲ. ಪಕ್ಕದೂರಿನ ಸಂಘ ತನ್ನ ಸದಸ್ಯರ ಹಾಲನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮೊದಲ ವಾರ ಊರಿನವರೆಲ್ಲ ಮೊಸರು ತಿಂದೆವು. ಎರಡನೇ ವಾರದಿಂದ ಮಜ್ಜಿಗೆ. ಯಾರ ಮನೆಗೆ ಹೋದರೂ ಮಜ್ಜಿಗೆ ಕೊಡುತ್ತಾರೆ, ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ, ಏಕೆಂದರೆ ಅವರ ಮನೆಯಲ್ಲೂ ಯಾರೂ ಕುಡಿಯುತ್ತಿಲ್ಲ. ಬೀಗ ಹಾಕಿದ ಡೈರಿಯೊಳಗೆ ಉಳಿದ ಎರಡೂವರೆ ಕ್ಯಾನು ಹಾಲಿನ ಬಗ್ಗೆ ನಾನು ವಿವರವಾಗಿ ಬರೆಯುವುದಿಲ್ಲ. ಮೂರನೇ ದಿನದಿಂದ ಡೈರಿಯ ಪಕ್ಕ ಬಸ್ಸಿಗೆ ಕಾಯುವವರು ರಸ್ತೆಯ ಈ ಕಡೆ ಬಂದು ಕಾಯುತ್ತಿದ್ದಾರೆ. ಹತ್ತನೇ ದಿನದಿಂದ ಒಳಗೆ ಏನೋ ಉರುಳುವ ಸದ್ದು, ಕೆರೆಯುವ ಸದ್ದು ಕೇಳಿಸುತ್ತಿದೆ. ಹೆಗ್ಗಣಗಳು ಎಂದು ಹೊಂಬಾಳಮ್ಮ ಹೇಳುತ್ತಾರೆ. ಹಾಲು ಕೆಟ್ಟರೆ ಕೆಡಲಿ. ಆದರೆ ಆ ಮೇಜಿನ ಡ್ರಾಯರಿಗೆ ಹಿಂದುಗಡೆಯ ಹಲಗೆ ಇಲ್ಲ. ಸುನಿತಾ ನಿರಪರಾಧಿ ಎಂಬುದಕ್ಕೆ ಪ್ರಪಂಚದಲ್ಲಿರುವ ಒಂದೇ ಒಂದು ಕಾಗದ ಆ ಡ್ರಾಯರಿನಲ್ಲಿದೆ. ಹೆಗ್ಗಣಗಳಿಗೂ ಯಾವ ಆದೇಶವೂ ತಲುಪಿಲ್ಲ.

ನಾನು ಮಂಡ್ಯಕ್ಕೆ ಮೂರು ಸಲ ಬಂದೆ. ಮೊದಲ ಸಲ ತಾವು ಸಭೆಯಲ್ಲಿದ್ದಿರಿ. ಎರಡನೇ ಸಲ, ಸೀಲು ತೆಗೆಯಲು ಸಂಘದ ಆಡಳಿತ ಮಂಡಳಿಯ ನಡಾವಳಿಯ ಪ್ರತಿ ಬೇಕು ಎಂದು ತಮ್ಮ ಗುಮಾಸ್ತರು ಹೇಳಿದರು. ನಡಾವಳಿ ಪುಸ್ತಕ ಎಲ್ಲಿದೆ ಎಂದು ಹೇಳಿದೆ. ಹಾಗಾದರೆ ಸಂಘದ ಮೊಹರು ಹಾಕಿದ ಒಂದು ಮನವಿ ಸಾಕು ಎಂದು ಗುಮಾಸ್ತರು ದೊಡ್ಡ ಮನಸ್ಸು ಮಾಡಿದರು. ಮೊಹರು ಎಲ್ಲಿದೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡದ್ದು ಸಂಘದ ತಪ್ಪು ಎಂದರು. ಮೂರನೇ ಸಲ ಬಂದಾಗ ಕೌಂಟರಿನಲ್ಲಿ ಕುಳಿತಿದ್ದವರು, ಸ್ಟೇಷನರಿ ಇಲ್ಲದ್ದರಿಂದ ಪತ್ರ ಸ್ವೀಕರಿಸುತ್ತಿಲ್ಲ ಎಂದರು. ಕಾಗದ, ಪೆನ್ನು ಮುಂತಾದವಕ್ಕೆ ಸ್ಟೇಷನರಿ ಎನ್ನುವಾಗ ಕೊನೆಯಲ್ಲಿ ಇ ಬರುತ್ತದೆ, ನಿಂತಲ್ಲೇ ನಿಂತಿರುವುದಕ್ಕೆ ಎ ಬರುತ್ತದೆ. ತಮ್ಮ ಕಚೇರಿಯಲ್ಲಿ ಮೊದಲನೆಯದು ಇಲ್ಲದೆ ಎರಡನೆಯದು ಆಗಿದೆ. ಪಾಠ ಮಾಡುವಾಗ ಇಂಥ ಉದಾಹರಣೆ ಸಿಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಆದರೆ ಆ ಮೂರನೇ ಭೇಟಿ ವ್ಯರ್ಥವಾಗಲಿಲ್ಲ. ಗುಮಾಸ್ತರು ಕಡತ ಬಿಡಿಸಿ ಇಟ್ಟು ಕಾಫಿಗೆ ಹೋಗಿದ್ದರು. ನಾನು ಎದುರು ಕೂತು ತಲೆಕೆಳಗಾಗಿ ಓದಿದೆ. ಮಕ್ಕಳ ಉತ್ತರ ಪತ್ರಿಕೆ ಓದಿದವರಿಗೆ ತಲೆಕೆಳಗಾದ ಬರಹ ಕಷ್ಟವಲ್ಲ. ಮೇಲ್ವಿಚಾರಕರ ವರದಿಯಲ್ಲಿ 'ಆದೇಶದಂತೆ ಡೈರಿಯನ್ನು ಸೀಲ್ ಮಾಡಲಾಗಿದೆ' ಎಂಬುದು ಇಂಗ್ಲಿಷಿನಲ್ಲಿತ್ತು. ಎ ಮೊದಲು, ಐ ಆಮೇಲೆ. ಜೊತೆಗೆ ಬಾಗಿಲಿನ ಫೋಟೋ. ಅದರ ಪಕ್ಕದಲ್ಲಿ ನೋಡಲಾಗಿದೆ ಎಂದು ತಮ್ಮ ಸಹಿ. ಅದಾಗಿ ನಾಲ್ಕನೇ ದಿನ, ಐ ಮೊದಲು ಬರುವ ಡೈರಿಯನ್ನು ಕಾರ್ಯದರ್ಶಿ ಹಾಜರುಪಡಿಸಿಲ್ಲ, ವಿಚಾರಣೆಗೆ ಅಸಹಕಾರ ತೋರಿದ್ದಾರೆ ಎಂಬ ನೋಟೀಸು. ಅದರ ಕೆಳಗೂ ತಮ್ಮ ಸಹಿ. ಹಾಗಾದರೆ ತಾವು ನೋಡಿದ್ದು ಏನನ್ನು? ಬೀಗ ಹಾಕಿದ ಬಾಗಿಲಿನ ಫೋಟೋವನ್ನು ಕೈಯಲ್ಲಿ ಹಿಡಿದು, ಪುಸ್ತಕ ಯಾಕೆ ಬರಲಿಲ್ಲ ಎಂದು ಕೇಳುವುದಕ್ಕೆ ಇಂಗ್ಲಿಷ್ ಬೇಕಿಲ್ಲ, ಕನ್ನಡವೂ ಬೇಕಿಲ್ಲ, ಕಣ್ಣಿದ್ದರೆ ಸಾಕಿತ್ತು. ನೋಡುವುದು ಬೇರೆ, ಓದುವುದು ಬೇರೆ. ಇವೆರಡು ಕಿವಿಗೂ ಬೇರೆಬೇರೆಯಾಗಿಯೇ ಕೇಳಿಸುವುದರಿಂದ ನಾನು ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸಿರಲಿಲ್ಲ. ಕಲಿಸಬೇಕಿತ್ತು.

ಇಷ್ಟು ಬರೆದು ನಾನು ಪತ್ರ ಮುಗಿಸಬಹುದಿತ್ತು. ಓದುವವರು ಮೇಷ್ಟ್ರು ಚೆನ್ನಾಗಿ ಬರೆದಿದ್ದಾರೆ ಎನ್ನುತ್ತಿದ್ದರು. ಆದರೆ ಹತ್ತೊಂಬತ್ತು ದಿನದ ಹಿಂದೆ ಕರೆಸಲಾದ ಆ 'ಇಂಗ್ಲಿಷ್ ಬಲ್ಲ ಇನ್ನೊಬ್ಬರು' ಯಾರೆಂದು ನಾನು ಹೇಳಿಲ್ಲ. ಅದು ನಾನೇ.

ಮೇಲ್ವಿಚಾರಕರು ಕಾಗದ ನನ್ನ ಕೈಗೆ ಕೊಟ್ಟರು. ಕನ್ನಡಕ ಹಾಕಿಕೊಂಡಿದ್ದೆ. ಬೆಳಕು ಚೆನ್ನಾಗಿತ್ತು. ತಮ್ಮ ಟೈಪು ಮಾಡುವವರಿಗೆ ಹತ್ತಕ್ಕೆ ಹತ್ತು ಕೊಡಬೇಕು: ಡಿ, ಐ, ಎ, ಆರ್, ವೈ, ಒಂದಕ್ಷರವೂ ತಪ್ಪಿರಲಿಲ್ಲ. ಅರವತ್ತು ಜನ ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು. ಯಾರೋ ಜಾಗ ಬಿಟ್ಟರು, ಯಾರೋ ಮೇಷ್ಟ್ರು ಬಂದರು ಅಂದರು. ನನಗೆ ಅದು ಹಿತವಾಗಿತ್ತು. ಮೂವತ್ತೆರಡು ವರ್ಷ ತರಗತಿಯಲ್ಲಿ ಡಯರಿ ಎಂದವನು ಆ ಬೀದಿಯಲ್ಲಿ, ಆ ಬಾಗಿಲಿನ ಮುಂದೆ, ಡೈರಿ ಎಂದೆ. ಡೈರಿಯನ್ನು ತಕ್ಷಣ ಸೀಲ್ ಮಾಡತಕ್ಕದ್ದು ಎಂದು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ಸುನಿತಾ ಜನರ ಹಿಂದಿನಿಂದ ಕೇಳಿದರು: "ಸಾ, ಸ್ಪೆಲ್ಲಿಂಗ್ ಏನೈತೆ ಒಸಿ ನೋಡಿ."

ಆ ಮಾತು ಕೇಳಿ ನನಗೆ ಕೋಪ ಬಂತು. ಇದನ್ನು ಮುಚ್ಚಿಡುವುದಿಲ್ಲ. ನನ್ನ ಹತ್ತಿರ ಕಲಿತ ಹುಡುಗಿ, ಅರವತ್ತು ಜನರ ಮುಂದೆ, ನನಗೆ ಸ್ಪೆಲ್ಲಿಂಗ್ ಕೇಳಿದಳಲ್ಲ ಎನಿಸಿತು. ಅವಳು ಬೇರೆ ಬೀದಿಯವಳಾಗಿರದಿದ್ದರೆ ಅಷ್ಟು ಕೋಪ ಬರುತ್ತಿತ್ತೇ ಎಂದು ಈ ಹತ್ತೊಂಬತ್ತು ದಿನದಲ್ಲಿ ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದೆ, ಬರೆಯಲು ನಾಚಿಕೆಯಾಗುತ್ತದೆ. "ಸರಿಯಾಗೇ ಐತೆ ಕಣಮ್ಮ, ನನಗೇ ಸ್ಪೆಲ್ಲಿಂಗ್ ಕೇಳ್ತೀಯಾ?" ಎಂದೆ. ಕಾಗದವನ್ನು ಇನ್ನೊಂದು ಸಲ ನೋಡಲಿಲ್ಲ. ಮಡಿಸಿ ಮೇಲ್ವಿಚಾರಕರಿಗೆ ಕೊಟ್ಟೆ. ಹೊಂಬಾಳಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಮೇಷ್ಟ್ರು ಓದಿದ ಮೇಲೆ ಇನ್ನೇನು ಎಂದು ಅವರು ಹೇಳಿದ್ದು ನನಗೆ ಕೇಳಿಸಿತು.

ಹನ್ನೆರಡನೇ ದಿನ ತಮ್ಮ ನೋಟೀಸು ಬಂತು. ಹೊಂಬಾಳಮ್ಮ ಅದನ್ನು ತಂದು ತೋರಿಸಿದಾಗ ಪುಸ್ತಕದ ಡೈರಿ ಎಂಬುದು ಕಣ್ಣಿಗೆ ಹೊಡೆಯಿತು. ಆಗ ಮೇಲ್ವಿಚಾರಕರಿಗೆ ಫೋನು ಮಾಡಿ ಹಳೆಯ ಆದೇಶದ ಫೋಟೋ ತರಿಸಿಕೊಂಡು ನೋಡಿದೆ. ಅದರಲ್ಲೂ ಐ ಮೊದಲೇ ಇತ್ತು. ಆಮೇಲೆ ಕಾಲೋನಿಗೆ ಹೋದೆ. ಇಷ್ಟು ವರ್ಷದಲ್ಲಿ ಸುನಿತಾ ಅವರ ಮನೆಗೆ ನಾನು ಹೋದದ್ದು ಅದೇ ಮೊದಲು ಎಂಬುದು ಬಾಗಿಲಲ್ಲಿ ನಿಂತಾಗ ಹೊಳೆಯಿತು. ಒಳಗೆ ಕರೆದು ಕುರ್ಚಿ ಹಾಕಿದರು. ನಡೆದದ್ದನ್ನು ಹೇಳಿದೆ. ಅವರ ತಂದೆ ಕೆಂಪಸಿದ್ದಯ್ಯನವರು ಎದ್ದು ಹೊರಗೆ ಹೋದರು. ಸುನಿತಾ, "ಬೇಕಂತ ಓದುದ್ರಾ ಸಾ?" ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದು, ಅಷ್ಟೇ. ನಾನು ಚೌಡಯ್ಯನವರ ಬೀದಿಯವನು, ಅವರ ಮನೆಯ ಮದುವೆಗಳಲ್ಲಿ ಊಟ ಮಾಡಿದವನು. ಮೇಷ್ಟ್ರು ಬೇಕೆಂದೇ ಹಾಗೆ ಓದಿದರು ಎಂದು ಕಾಲೋನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಇನ್ನೂ ಕೆಟ್ಟದ್ದೇನೆಂದರೆ ನಮ್ಮ ಬೀದಿಯಲ್ಲೂ ಹಾಗೆಯೇ ಮಾತಾಡಿಕೊಳ್ಳುತ್ತಿದ್ದರು, ಮೆಚ್ಚಿಕೊಂಡು. ಚೌಡಯ್ಯನವರು ಬೀಗ ಬಿದ್ದ ವಾರ ನನ್ನ ಮನೆಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದ್ದರು. ಏಕೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಇಲ್ಲಮ್ಮ, ಬೇಕೆಂದು ಓದಲಿಲ್ಲ, ಸೊಕ್ಕಿನಲ್ಲಿ ಓದಿದೆ ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನನ್ನೊಬ್ಳ ಮುಂದೆ ಯೇಳುದ್ರೆ ಏನ್ ಬಂತು ಸಾ. ಓದಿದ್ದು ಎಲ್ರ ಮುಂದೆ ತಾನೇ. ಇದುನ್ನೂವೆ ಎಲ್ರಿಗೂ ಕಾಣಂಗೆ ಬರ್ದ್‌ಕೊಡಿ."

ಅದಕ್ಕಾಗಿ ಈ ಪತ್ರ ತಮಗೆ ಅಂಚೆಯಲ್ಲಿ ಬಾರದೆ ಪತ್ರಿಕೆಯಲ್ಲಿ ಬರುತ್ತಿದೆ. ಮನೆಗೆ ಬಂದು ಬರೆಯಲು ಕೂತೆ, ಆಗಲಿಲ್ಲ. ಮೊದಲು ಮಂಡ್ಯದಲ್ಲೇ ಸರಿಮಾಡಿಸಿಬಿಟ್ಟರೆ ಬರೆಯುವ ಅಗತ್ಯವೇ ಬರುವುದಿಲ್ಲ ಎಂದುಕೊಂಡು ಮೂರು ಸಲ ತಮ್ಮ ಕಚೇರಿಗೆ ಓಡಿದೆ. ಆ ಓಡಾಟ ಸುನಿತಾಗಾಗಿ ಎಷ್ಟೋ, ನನ್ನ ಮರ್ಯಾದೆ ಉಳಿಸಿಕೊಳ್ಳುವುದಕ್ಕೂ ಅಷ್ಟೇ. ತಮ್ಮ ಗುಮಾಸ್ತರ ಕೃಪೆಯಿಂದ ಎರಡೂ ಆಗಲಿಲ್ಲ. ಪತ್ರದ ಮೊದಲ ಅರ್ಧದಲ್ಲಿ ತಮ್ಮನ್ನು ಆಡಿಕೊಂಡದ್ದರಲ್ಲಿ ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ತಾವು ಓದದೆ ಸಹಿ ಹಾಕಿದಿರಿ, ನಾನು ಓದಿಯೂ ಓದಲಿಲ್ಲ. ಇಬ್ಬರಲ್ಲಿ ಹೆಚ್ಚು ಸಂಬಳ ತಮ್ಮದು, ಹೆಚ್ಚು ತಪ್ಪು ನನ್ನದು. ಆದರೆ ನಮ್ಮಿಬ್ಬರಿಗೂ ನೋಟೀಸು ಬಂದಿಲ್ಲ. ಸರಿಯಾದ ಸ್ಪೆಲ್ಲಿಂಗ್ ಕೇಳಿದ ಒಬ್ಬರಿಗೇ ಬಂದಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇಪ್ಪತ್ತೇಳರವರೆಗೆ ಕಾಯಬೇಡಿ, ಹೆಗ್ಗಣಗಳು ಕಾಯುವುದಿಲ್ಲ. ನಾಳೆಯೋ ನಾಡಿದ್ದೋ ಬೀಗದ ಕೈ ತೆಗೆದುಕೊಂಡು ತಾವೇ ಬನ್ನಿ. ಬೆಳಿಗ್ಗೆ ಆರೂವರೆಗೆ ಬಂದರೆ ಅರವತ್ತಮೂರು ಜನವೂ ಇರುತ್ತಾರೆ. ಅವರೆದುರಿಗೇ ಸೀಲು ಒಡೆಯಿರಿ. ಮೂಗಿಗೆ ಬಟ್ಟೆ ತನ್ನಿ. ಡ್ರಾಯರಿನಿಂದ ಆ ಡೈರಿಯನ್ನು ಈಚೆ ತೆಗೆದು, ಚೌಡಯ್ಯನವರ ಮನೆಯ ಹಾಲು ವಾಪಸಾದ ಎರಡು ದಿನದ ಪುಟಗಳನ್ನು ಗಟ್ಟಿಯಾಗಿ ಓದಿಸಿ. ಯಾರಿಂದ ಓದಿಸಬೇಕೆಂಬುದು ತಮಗೆ ಬಿಟ್ಟದ್ದು, ನನ್ನನ್ನು ಮಾತ್ರ ಕರೆಯಬೇಡಿ.

ಅದಾದ ಮೇಲೂ ವಿಚಾರಣೆ ನಡೆಸಲೇಬೇಕು, ಯಾರ ಮೇಲಾದರೂ ಕ್ರಮ ಕೈಗೊಳ್ಳಲೇಬೇಕು, ಇಲ್ಲವಾದರೆ ಕಡತ ಮುಚ್ಚಲು ಬರುವುದಿಲ್ಲ ಎಂದಾದರೆ, ಆ ನೋಟೀಸಿನಲ್ಲಿ ಸುನಿತಾ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಸ್ಪೆಲ್ಲಿಂಗ್ ಹೇಗಿದ್ದರೂ ಸರಿ, ನಾನು ಬರುತ್ತೇನೆ.

ಇಂತಿ,
ಎರಡು ಅಂಕದ ಪ್ರಶ್ನೆಯಲ್ಲಿ ಸೊನ್ನೆ ಪಡೆದ,
ಹೊನ್ನಯ್ಯ
ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮಳವಳ್ಳಿ ತಾಲ್ಲೂಕು